ತೊಂಬತ್ತೆರಡು ಮಿಲಿಮೀಟರ್

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಅಂಕಿಗಳನ್ನು ಓದುವುದು ಕಷ್ಟವಲ್ಲ. ೨೦೫/೪೫ ಆರ್ ೧೭ ಎಂದಿದ್ದರೆ, ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು, ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬುದು. ಕೊನೆಯದು ಒಳಗಿನ ಲೋಹದ ಚಕ್ರದ ವ್ಯಾಸ, ಅಂಗುಲಗಳಲ್ಲಿ. ಇನ್ನೂರ ಐದರಲ್ಲಿ ಶೇಕಡಾ ನಲವತ್ತೈದೆಂದರೆ ತೊಂಬತ್ತೆರಡು ಮಿಲಿಮೀಟರ್, ಮೇಲೆ ಚೂರು. ನನ್ನ ಅಂಗೈಯ ಅಗಲಕ್ಕಿಂತ ತುಸುವೇ ಹೆಚ್ಚು. ರಸ್ತೆಗೂ ನನ್ನ ಹೆಂಡತಿಯ ಬೆನ್ನೆಲುಬಿಗೂ ನಡುವೆ ಇರಲಿ ಎಂದು ನಾನು ಆರಿಸಿಟ್ಟ ಎತ್ತರ ಅಷ್ಟೇ.

ನಾನು ಇಪ್ಪತ್ತಮೂರು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು. ಮೇಷ್ಟರು ಕಡಿಮೆಯಾದ ವರ್ಷಗಳಲ್ಲಿ ಗಣಿತವನ್ನೂ ಕಲಿಸಿದೆ. ಹೆಂಡತಿಯ ಎರಡೂ ಮೂತ್ರಪಿಂಡಗಳು ಕೈಕೊಟ್ಟಾಗ ಶಾಲೆಯ ಕೆಲಸ ಬಿಟ್ಟು, ನಂಜನಗೂಡಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅಲ್ಲಿ ವೇಳೆ ನನ್ನ ಕೈಯಲ್ಲಿತ್ತು. ಅವಳ ಡಯಾಲಿಸಿಸ್ ಕೂಡ ನಂಜನಗೂಡಿನಲ್ಲೇ, ಮಂಗಳವಾರ ಮತ್ತು ಶುಕ್ರವಾರ. ಮನೆ ಟಿ. ನರಸೀಪುರದಲ್ಲಿ. ಹೀಗೆ ವಾರಕ್ಕೆ ಆರು ದಿನ ನಾನು ಆ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆ. ಅದರಲ್ಲಿ ಎರಡು ದಿನ ಅವಳು ನನ್ನ ಎಡಗಡೆಯ ಸೀಟಿನಲ್ಲಿರುತ್ತಿದ್ದಳು.

ಕಾರು ಅವಳ ಕಾಯಿಲೆಗಿಂತ ಒಂದು ವರ್ಷ ಮೊದಲು ಕೊಂಡದ್ದು, ಬೇರೊಬ್ಬರು ಓಡಿಸಿದ್ದು. ಗಾತ್ರದಲ್ಲಿ ಚಿಕ್ಕದು, ಗತ್ತಿನಲ್ಲಿ ದೊಡ್ಡದು. ಮೊದಲ ಒಡೆಯ ಕಂಪನಿಯ ಚಕ್ರಗಳನ್ನು ತೆಗೆಸಿ ಹದಿನೇಳು ಅಂಗುಲದ, ಐದು ಕಡ್ಡಿಯ ಅಲಾಯ್ ಚಕ್ರಗಳನ್ನು ಹಾಕಿಸಿದ್ದ. ಜೀವಮಾನವೆಲ್ಲ ಸೈಕಲ್ಲು, ಬಸ್ಸು, ಆಮೇಲೆ ಒಂದು ಮೊಪೆಡ್ಡಿನಲ್ಲಿ ಓಡಾಡಿದ ನನಗೆ ಆ ಕಾರಿನ ಸ್ಟಿಯರಿಂಗ್ ಹಿಡಿದಾಗ ಆದ ಸಂತೋಷವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ನಾಲೆಯ ಏರಿಯ ಪಕ್ಕದ ತಿರುವುಗಳಲ್ಲಿ ಅದು ತೂಗಾಡುತ್ತಿರಲಿಲ್ಲ, ತಡಮಾಡುತ್ತಿರಲಿಲ್ಲ. ನಾನು ಅಂದುಕೊಂಡ ಕಡೆಗೆ ಅಂದುಕೊಂಡಷ್ಟೇ ತಿರುಗುತ್ತಿತ್ತು. ತರಗತಿಯಲ್ಲಿ ಮಾತು ಕೇಳುವ ಹುಡುಗರು ಹೇಗೋ ಹಾಗೆ.

ಕಾಯಿಲೆಯ ಎರಡನೆಯ ವರ್ಷ ಅವಳಿಗೆ ಬೆನ್ನುನೋವು ಬಂತು. ಎಕ್ಸ್‌ರೇ ತೆಗೆಸಿ ನೋಡಿದ ವೈದ್ಯರು, ಮೂತ್ರಪಿಂಡ ಕೆಟ್ಟವರಲ್ಲಿ ಮೂಳೆ ಸವೆಯುವುದುಂಟು, ಇವರದು ಹಪ್ಪಳದಂತಾಗಿದೆ ಎಂದರು. ಬೀಳಬಾರದು, ಭಾರ ಎತ್ತಬಾರದು, ಕುಲುಕಾಟ ಆಗಲೇಬಾರದು. ಒಂದು ಮೂಳೆ ಕುಸಿದರೂ ಕಾಲುಗಳ ಆಸೆ ಬಿಡಬೇಕಾದೀತು ಎಂದು ನನ್ನೊಬ್ಬನನ್ನೇ ಆಚೆ ಕರೆದು ಹೇಳಿದರು.

ಅವಳು ಹೆಮ್ಮರಗಾಲದವಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಹಕಾರ ಅವಳ ನಾಲಿಗೆಗೆ ಬರಲಿಲ್ಲ. ಮೊದಲ ಎರಡು ವರ್ಷ ತಿದ್ದಿದೆ, ಆಮೇಲೆ ಬಿಟ್ಟೆ. ಆ ದಿನ ಕಾರಿನಲ್ಲಿ ಅವಳೇ ಮಾತು ತೆಗೆದಳು.

"ಡಾಕ್ಟ್ರು ನನ್ನ ಅಪ್ಳ ಅಂದ್ರಲ್ರೀ."

"ಹೋಲಿಕೆಗೆ ಹೇಳಿದ್ದು."

"ನೀವು ಇಷ್ಟ್ ವರ್ಷ ನನ್ ಮಾತ್ನ ಉಪ್ಪಿನ್ಕಾಯಿ ಅಂತಿದ್ರಿ. ಈಗ ಅಪ್ಳಾನೂ ಆಯ್ತು. ಊಟುಕ್ಕೆ ಇನ್ನೇನ್ ಬೇಕು ನಿಮ್ಗೆ?"

ಮುಂದೆ ಒಂದು ಗುಂಡಿಯಿತ್ತು; ಬಳಸಿಕೊಂಡು ಹೋಗಲು ಜಾಗವಿರಲಿಲ್ಲ. ಚಕ್ರ ಇಳಿದು ಹತ್ತಿತು. ಅವಳ ಎಡಗೈ ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡಿತು. ಅವಳು ನೋವೆಂದು ಹೇಳುತ್ತಿದ್ದುದು ಆ ಕೈಯಿಂದ ಮಾತ್ರ. ಬಾಯಿಂದ ಒಂದು ದಿನವೂ ಹೇಳಲಿಲ್ಲ.

ಕಳೆದ ವರ್ಷದ ಕೊನೆಯಲ್ಲಿ ಟೈರುಗಳು ಸವೆದು ಬೋಳಾದವು. ಬದಲಾಯಿಸಲೇಬೇಕಿತ್ತು. ಯಾವ ಅಳತೆಯದನ್ನು ಹಾಕಿಸಬೇಕೆಂದು ನಾನು ಮೂರು ವಾರ ಓದಿದೆ. ಎರಡು ಗೆರೆಯ ಒಂದು ನೋಟುಪುಸ್ತಕದಲ್ಲಿ ಪಟ್ಟಿ ಬರೆದೆ. ಆ ಕಾರಿಗೆ ಒಪ್ಪುವ ಅಳತೆಗಳು ಮೂರು. ಈಗಿರುವ ಹದಿನೇಳರ ಚಕ್ರ, ೨೦೫/೪೫ರ ಟೈರು. ಕಂಪನಿಯೇ ಮೇಲಿನ ಮಾದರಿಗೆ ಕೊಡುತ್ತಿದ್ದ ಹದಿನಾರರ ಚಕ್ರ, ೧೯೫/೫೫ರ ಟೈರು. ಕೆಳಗಿನ ಮಾದರಿಗೆ ಕೊಡುತ್ತಿದ್ದ ಹದಿನೈದರ ಚಕ್ರ, ೧೮೫/೬೫ರ ಟೈರು. ಚಕ್ರ ಚಿಕ್ಕದಾದಷ್ಟೂ ಟೈರು ದಪ್ಪವಾಗುತ್ತ ಹೋಗುತ್ತದೆ. ಹಾಗಾಗಿ ನೆಲದಿಂದ ನೆತ್ತಿಯವರೆಗೆ ಅಳೆದರೆ ಮೂರೂ ಹೆಚ್ಚುಕಡಿಮೆ ಒಂದೇ: ಆರುನೂರ ಹದಿನಾರು, ಆರುನೂರ ಇಪ್ಪತ್ತೊಂದು, ಆರುನೂರ ಇಪ್ಪತ್ತೊಂದೂವರೆ ಮಿಲಿಮೀಟರ್. ಪಕ್ಕೆಯ ಎತ್ತರ ಮಾತ್ರ ಬೇರೆ: ತೊಂಬತ್ತೆರಡು, ನೂರ ಏಳು, ನೂರ ಇಪ್ಪತ್ತು.

ಪಕ್ಕೆ ಎತ್ತರವಾದಷ್ಟೂ ಗುಂಡಿಯ ಪೆಟ್ಟನ್ನು ಟೈರೇ ನುಂಗುತ್ತದೆ. ಗಿಡ್ಡವಾದಷ್ಟೂ ತಿರುವಿನಲ್ಲಿ ಕಾರು ಬಿಗಿಯಾಗಿ ನಿಲ್ಲುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪಟ್ಟಿಯಲ್ಲಿ ಹಿಡಿತ, ಬ್ರೇಕಿನ ದೂರ, ಸ್ಪೀಡೋಮೀಟರಿನ ವ್ಯತ್ಯಾಸ, ಅಗಲ ಎಂದು ಅಂಕಣಗಳನ್ನು ಎಳೆದೆ. ಪ್ರತಿಯೊಂದಕ್ಕೂ ಅಂಕ ಕೊಟ್ಟೆ. ಕುಲುಕಾಟ ಎಂಬ ಅಂಕಣವನ್ನೂ ಎಳೆದೆ. ಆದರೆ ಅದರ ಕೆಳಗೆ 'ಗಾಳಿ ಕಡಿಮೆ ಹಿಡಿದು ಸರಿದೂಗಿಸಬಹುದು' ಎಂದು ಬರೆದು, ಮೂರಕ್ಕೂ ಸಮಾನ ಅಂಕ ಹಾಕಿದೆ. ಮೊತ್ತದಲ್ಲಿ ಹದಿನೇಳೇ ಮೊದಲು ಬಂತು. ಯಾವುದು ಬರಬೇಕೆಂದು ಮೊದಲೇ ತೀರ್ಮಾನಿಸಿ ಪ್ರಶ್ನೆಪತ್ರಿಕೆ ತೆಗೆದ ಮೇಷ್ಟರ ಕೆಲಸ ಅದು. ಐದು ಕಡ್ಡಿಯ ಆ ಚಕ್ರಗಳನ್ನು ಕಳಚಿಸಿ, ಮನೆಯ ಮುಂದೆ ಉಳಿದೆಲ್ಲ ಕಾರುಗಳಂತೆ ನಿಲ್ಲುವ ಕಾರನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಅಷ್ಟೇ ವಿಷಯ.

ಅವಳನ್ನೂ ಕೇಳಿದೆ. "ನಂಗೇನ್ ಗೊತ್ತು ಟೈರು. ನಿಮ್ಗೆ ಸರಿ ಅನ್ಸಿದ್ ಆಕ್ಸಿ," ಎಂದಳು. ಆಮೇಲೆ, "ಆ ಗಾಡಿ ಓಡ್ಸುವಾಗ್ಲೇ ತಾನೇ ನಿಮ್ ಮೊಕ ಗಂಟಿಲ್ದೆ ಇರಾದು," ಎಂದು ಸೇರಿಸಿದಳು.

ನಂಜನಗೂಡಿನಲ್ಲಿ ಮೈಸೂರಿನ ರಸ್ತೆಗೆ ಹತ್ತಿದ ಟೈರಿನ ಅಂಗಡಿ ನನ್ನ ಹಳೆಯ ವಿದ್ಯಾರ್ಥಿಯದು. ಅವನಿಗೀಗ ಮೂವತ್ತೈದರ ಮೇಲೆ; ಇಬ್ಬರು ಮಕ್ಕಳ ತಂದೆ; ಕವಲಂದೆಯ ಕಡೆಯಿಂದ ಕೂಡ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಕಂಡರೆ ಅವನು ಈಗಲೂ ಎದ್ದು ನಿಲ್ಲುತ್ತಾನೆ, ನಾನು ಹೊರಡುವ ತನಕ ಕೂರುವುದಿಲ್ಲ. ಅಲ್ಲಿಗೆ ಹೋಗುವುದೆಂದರೆ ನನಗೆ ಖುಷಿಯಾಗುತ್ತಿದ್ದುದಕ್ಕೆ ಅದೂ ಒಂದು ಕಾರಣ. ಆ ಶುಕ್ರವಾರ ಡಯಾಲಿಸಿಸ್ ಮುಗಿಸಿಕೊಂಡು ನೇರವಾಗಿ ಅಲ್ಲಿಗೆ ಹೋದೆ. ಅವಳು ಅಂಗಡಿಯ ನೆರಳಿನಲ್ಲಿ ಕುರ್ಚಿಯ ಮೇಲೆ ದಿಂಬು ಒರಗಿಸಿಕೊಂಡು ಕುಳಿತಳು.

"ಹದಿನೇಳನ್ನೇ ಮುಂದುವರಿಸೋಣ," ಎಂದೆ.

"ಆಗ್ಲಿ ಸಾ." ಅವನು ಅವಳ ಕಡೆ ನೋಡಿದ. "ಅಮ್ಮಾವ್ರು ಆಸ್ಪತ್ರೆಗೆ ಈ ಗಾಡೀಲೇ ಬರಾದಾ ಸಾ?"

"ಹೌದು. ಯಾಕೆ?"

"ಅಲ್ಲಾ ಸಾ, ಅಂಗಾದ್ರೆ ಅದಿನೈದ್ರದ್ದು ಒಂದ್ ಸೆಟ್ಟು ಇತ್ತು..."

ನಾನು ನೋಟುಪುಸ್ತಕ ತೆರೆದು ಮುಂದೆ ಹಿಡಿದೆ. "ಇಲ್ಲಿ ನೋಡು. ಮೂರರ ವ್ಯಾಸವೂ ಒಂದೇ. ಎಲ್ಲವನ್ನೂ ಲೆಕ್ಕ ಹಾಕಿದ್ದೇನೆ."

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೇಲಿಂದ ಕೆಳಗಿನವರೆಗೆ ಓದಿದ. ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

"ಲೆಕ್ಕ ಕರೆಕ್ಟು ಸಾ."

ಟೈರು ಹಾಕಿ, ಚಕ್ರಗಳ ತೂಕ ಸರಿದೂಗಿಸಿ, ಕೊನೆಗೆ ಅವನು ಗಾಳಿಯ ಪೈಪು ಹಿಡಿದು ಕುಳಿತಾಗ ನಾನು ಹೇಳಿದೆ: "ಇಪ್ಪತ್ತಮೂರು ಪಾಯಿಂಟು ಹಿಡಿ."

"ಇಪ್ಪತ್ಮೂರಾ? ಇದ್ಕೆ ಮೂವತ್ತೆರಡು ಇಡೀಬೇಕು ಸಾ."

"ಮೂವತ್ತೆರಡು ಹಿಡಿದರೆ ಕಲ್ಲಿನಂತಿರುತ್ತದೆ. ಅವರಿಗೆ ಕುಲುಕಾಟ ಆಗಬಾರದು. ಇಪ್ಪತ್ತಮೂರು ಸಾಕು."

ಅವನು ಬಾಯಿ ತೆರೆದ. ನಾನು ಹುಬ್ಬೆತ್ತಿದೆ. ತರಗತಿಯಲ್ಲಿ ಇಪ್ಪತ್ತಮೂರು ವರ್ಷ ಎತ್ತಿದ ಅದೇ ಹುಬ್ಬು. ಅವನು ಬಾಯಿ ಮುಚ್ಚಿದ.

ಪಕ್ಕದಲ್ಲಿ ಪಂಕ್ಚರಿಗೆಂದು ಕಾದಿದ್ದ ಆಟೋದವನು ಇದನ್ನೆಲ್ಲ ನೋಡುತ್ತ ನಿಂತಿದ್ದ. "ಏನ್ಲಾ, ನಮ್ ಗಾಡೀಲಿ ಒಂದ್ ಪಾಯಿಂಟು ಗಾಳಿ ಕಮ್ಮಿ ಇದ್ರೆ ಅಪ್ಪ ಅಮ್ಮ ಎಲ್ರನ್ನೂ ಸೇರ್ಸಿ ನೀನು ಬಯ್ತಿದ್ದೆ. ಈಗ ನೋಡುದ್ರೆ ಬಾಯೇ ಇಲ್ವಲ್ಲಾ!" ಎಂದ.

"ಸುಮ್ನಿರ್ಲಾ. ನಮ್ ಮೇಷ್ಟ್ರು ಕಣ್ಲಾ ಅವ್ರು," ಎಂದು ಇವನು ಗದರಿದ.

ಆ ಮಾತು ಕೇಳಿ ನನಗೆ ಹಿತವಾಯಿತು. ಮನೆಗೆ ಹೋಗುವಾಗ ಕಾರು ನಿಜವಾಗಿಯೂ ಮೆತ್ತಗಿತ್ತು. ಗುಂಡಿಗಳ ಮೇಲೆ ಅವಳ ಕೈ ಮೇಲಿನ ಹಿಡಿಯ ತನಕ ಹೋಗಲಿಲ್ಲ, ಮಡಿಲಲ್ಲೇ ಇತ್ತು. "ವಾಸಿ ಕಣ್ರೀ," ಎಂದಳು. ನಾನು ಆ ರಾತ್ರಿ ನೋಟುಪುಸ್ತಕದ ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಹಾಕಿದೆ.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆ ಹುರುಳಿ ಕಟಾವಾಗಿ ರಸ್ತೆಗೆ ಬರುತ್ತದೆ. ಕಣ ಮಾಡುವವರು ಈಗ ಕಡಿಮೆ. ಬಳ್ಳಿಯನ್ನು ಡಾಂಬರಿನ ಮೇಲೆ ಮೊಣಕಾಲೆತ್ತರ ಹರಡಿಬಿಟ್ಟರೆ, ಹೋಗಿ ಬರುವ ಬಸ್ಸು, ಲಾರಿ, ಕಾರುಗಳೇ ತುಳಿದು ಕಾಳು ಉದುರಿಸುತ್ತವೆ. ಸಂಜೆ ಬಳ್ಳಿ ಎತ್ತಿ ಝಾಡಿಸಿ, ಕಾಳು ಗುಡಿಸಿ ತೂರಿಕೊಳ್ಳುತ್ತಾರೆ. ರಾಶಿ ಚೆದುರದಿರಲೆಂದೂ ವಾಹನಗಳು ಎಲ್ಲೆ ದಾಟದಿರಲೆಂದೂ ಅಂಚಿನುದ್ದಕ್ಕೆ ಕಲ್ಲು ಇಡುತ್ತಾರೆ. ಇದನ್ನು ತಪ್ಪೆಂದು ಇಲ್ಲಿ ಯಾರೂ ಎಣಿಸುವುದಿಲ್ಲ. ನನ್ನ ಅತ್ತೆ ಮಾವ ಕೂಡ ಹೆಮ್ಮರಗಾಲದಲ್ಲಿ ಹಾಗೆಯೇ ಮಾಡುತ್ತಿದ್ದರು. ಮದುವೆಯಾದ ವರ್ಷ ನಾನೇ ಅಂಚಿಗೆ ಕಲ್ಲು ಜೋಡಿಸಿದ್ದೇನೆ, ಸಾಲು ಓರೆಯಾಗದಂತೆ.

ಹಬ್ಬ ಕಳೆದ ಮೇಲಿನ ಮಂಗಳವಾರ, ಬೆಳಗ್ಗೆ ಎಂಟರ ಸುಮಾರು. ಅರ್ಧ ದಾರಿಯಲ್ಲಿ ರಸ್ತೆಯ ಎಡ ಅರ್ಧಕ್ಕೆಲ್ಲ ಹುರುಳಿ ಹರಡಿತ್ತು. ನಾನು ವೇಗ ಇಳಿಸಿ ಬಲಕ್ಕೆ ಸರಿದು ಹೋಗುತ್ತಿದ್ದೆ. ಎದುರಿಗೆ ಕಬ್ಬಿನ ಲಾರಿ ಬಂತು. ನಾನು ಎಡಕ್ಕೆ, ಬಳ್ಳಿಯ ಮೇಲಕ್ಕೆ ಇಳಿಸಿದೆ. ಇಪ್ಪತ್ತೈದರ ವೇಗವೂ ಇರಲಿಲ್ಲ. ಹಿಂದೆ ಯಾವುದೋ ವಾಹನ ಅಂಚಿನ ಕಲ್ಲೊಂದನ್ನು ಒಳಕ್ಕೆ ತಳ್ಳಿರಬೇಕು. ಅದು ಬಳ್ಳಿಯಡಿ ಮುಚ್ಚಿಹೋಗಿತ್ತು. ಮುಂದಿನ ಎಡ ಚಕ್ರ, ಅವಳ ಪಾದದಡಿಯ ಚಕ್ರ, ಅದರ ಮೇಲೆ ಹತ್ತಿತು. ಗಾಳಿ ಕಡಿಮೆಯಿದ್ದ ಗಿಡ್ಡ ಟೈರು ಕಲ್ಲಿಗೂ ಲೋಹಕ್ಕೂ ನಡುವೆ ಸಿಕ್ಕಿ ಮಡಚಿಕೊಂಡು ಸೀಳಿತು. ಲೋಹ ಕಲ್ಲಿಗೆ ಬಡಿದ ಸದ್ದು ಕೇಳಿತು. ಕಾರಿನ ಮೂತಿ ಒಮ್ಮೆ ಮೇಲೆದ್ದು, ಎತ್ತಿ ಕುಕ್ಕಿದಂತೆ ಡಾಂಬರಿನ ಮೇಲೆ ಬಿತ್ತು.

ಅವಳು ಕಿರುಚಲಿಲ್ಲ. ಕೈ ಹಿಡಿಯ ಮೇಲಿತ್ತು. ಬಹಳ ಮೆಲ್ಲಗೆ ಕೇಳಿದಳು:

"ರೀ, ನನ್ ಕಾಲು ಎಲ್ ಅವೆ ನೋಡ್ರೀ."

ಕಾಲುಗಳು ಅಲ್ಲೇ ಇದ್ದವು. ಒಂದರ ಮೇಲಿನ ಚಪ್ಪಲಿ ಜಾರಿತ್ತು. ನಾನು ಮುಟ್ಟಿದೆ. "ಇಲ್ಲೇ ಇವೆ," ಎಂದೆ. "ಮುಟ್ಟುದ್ರಾ?" ಎಂದಳು.

ನಾನು ಕಾರಿನಿಂದ ಇಳಿದೆ. ಹೊಲದ ಬದುವಿನಿಂದ ಹುರುಳಿ ಹರಡಿದ್ದ ಮುದುಕನೂ ಮುದುಕಿಯೂ ಓಡಿಬರುತ್ತಿದ್ದರು. ನಾನು ಆ ಕ್ಷಣ ಮಾಡಿದ ಕೆಲಸ ಅವರ ಮೇಲೆ ಕೂಗಾಡಿದ್ದು. "ಸಾರ್ವಜನಿಕ ರಸ್ತೆಯ ಮೇಲೆ ಕಲ್ಲಿಡಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಅಕ್ಷರ ಬಾರದಿದ್ದರೆ ಬುದ್ಧಿಯೂ ಬೇಡವೇ?" ಎಂದೆಲ್ಲ ಕೂಗಿದೆ. ವಾಕ್ಯಗಳು ಪೂರ್ತಿಯಾಗಿಯೇ ಬಂದವು.

"ಆಮೇಲ್ ಬಯ್ಯೀರಂತೆ ಕಣಪ್ಪಾ," ಎಂದಳು ಮುದುಕಿ. "ಆ ತಾಯಿ ಮೊಕ ಬೆಳ್ಳಗಾಯ್ತಾ ಅದೆ. ಮೊದ್ಲು ಅವ್ರುನ್ ನೋಡು." ಅವಳೇ ಹೋಗಿ ಬಾಗಿಲು ತೆಗೆದು, ನನ್ನ ಹೆಂಡತಿಯ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು ನಿಂತಳು. ಆಂಬುಲೆನ್ಸು ಬರುವವರೆಗೆ, ಸುಮಾರು ಮುಕ್ಕಾಲು ಗಂಟೆ, ಅಲುಗದೆ ಹಾಗೆಯೇ ನಿಂತಿದ್ದಳು.

ಆ ಮುಕ್ಕಾಲು ಗಂಟೆಯಲ್ಲಿ ನಾನು ನೋಡಿದ್ದನ್ನು ಇಲ್ಲಿ ಬರೆಯಬೇಕು. ಅದೇ ಸಾಲಿನಲ್ಲಿ, ಸ್ವಲ್ಪ ಹಿಂದೆ, ಇನ್ನೊಂದು ಕಲ್ಲು ಅದೇ ರೀತಿ ಒಳಕ್ಕೆ ಸರಿದಿತ್ತು. ಎರಡು ಮುಷ್ಟಿಯಷ್ಟು ದಪ್ಪ. ಸೋಸಲೆಯ ಕಡೆಯ ಒಂದು ಬಸ್ಸು ಅದನ್ನು ತುಳಿದು ಹೋಯಿತು. ಹಾಲಿನ ಕ್ಯಾನು ಹೊತ್ತ ಟೆಂಪೊ ತುಳಿದು ಹೋಯಿತು. ಕೊನೆಗೆ ನನ್ನದೇ ಕಂಪನಿಯ, ನನ್ನದೇ ಮಾದರಿಯ ಒಂದು ಕಾರು ಬಂತು. ಕೆಳಗಿನ ದರ್ಜೆಯದು, ಕಬ್ಬಿಣದ ಹದಿನೈದರ ಚಕ್ರ. ಅದರ ಟೈರು ಕಲ್ಲಿನ ಮೇಲೆ ಉಬ್ಬಿ, ಕಲ್ಲನ್ನು ನುಂಗಿದಂತೆ ಮಾಡಿ, ಇಳಿದು ಮುಂದಕ್ಕೆ ಹೋಯಿತು. ಒಳಗಿದ್ದವರ ತಲೆ ಒಮ್ಮೆ ಅಲುಗಿತು, ಅಷ್ಟೇ. ಒಳಗೆ ಯಾರೋ ನಗುತ್ತಿದ್ದರು. ಮುದುಕ ಹೋಗಿ ಆ ಕಲ್ಲನ್ನೂ ಎತ್ತಿ ಹೊಲಕ್ಕೆ ಎಸೆದ. ಆಮೇಲೆ ನಾನು ಕೂಗಲಿಲ್ಲ.

ಬೆನ್ನೆಲುಬಿನ ಒಂದು ಮೂಳೆ ಪುಡಿಯಾಗಿತ್ತು. ಅವಳ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಆಗದು ಎಂದರು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಕೂರಿಸುವಂತಿಲ್ಲ. ಮಲಗಿಸಿಯೇ ಎತ್ತಬೇಕು, ಮಲಗಿಸಿಯೇ ಡಯಾಲಿಸಿಸ್ಸಿಗೆ ಒಯ್ಯಬೇಕು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಟೈರಿನ ಅಂಗಡಿಗೆ ಹೋದೆ. ಅವನು ಎದ್ದು ನಿಂತ. ಸುದ್ದಿ ಅವನಿಗೆ ತಲುಪಿತ್ತು. ಆಸ್ಪತ್ರೆಗೆ ಎರಡು ಸಲ ಸೇಬು ಹಿಡಿದುಕೊಂಡು ಬಂದು, ನಾನಿಲ್ಲದ ವೇಳೆ ನೋಡಿ ಅವಳಿಗೆ ಕೊಟ್ಟು ಹೋಗಿದ್ದ.

"ಕೂತುಕೋ," ಎಂದೆ.

"ಇರ್ಲಿ ಸಾ."

"ಗಾಳಿ ಇಪ್ಪತ್ತಮೂರಕ್ಕೆ ಆ ಟೈರು ಹೀಗೆ ಆಗುತ್ತದೆಂದು ನಿನಗೆ ಗೊತ್ತಿತ್ತೇ?"

ಅವನು ಬೆರಳಿನ ಮಸಿಯನ್ನು ಬಟ್ಟೆಯಿಂದ ತಿಕ್ಕಿದ.

"ಗೊತ್ತಿತ್ತು ಸಾ."

"ಯಾಕೆ ಹೇಳಲಿಲ್ಲ?"

"ಏಳಕ್ ಓದೆ ಸಾ. ನೀವು ನೋಡುದ್ರಿ."

ನನಗೆ ಒಂದು ದಿನದ ನೆನಪಿತ್ತು. ಅಪಘಾತವಾದಂದಿನಿಂದ ಅದೇ ನೆನಪು ತಲೆಯಲ್ಲಿ ಸುತ್ತುತ್ತಿತ್ತು. ಇವನು ಏಳನೆಯ ತರಗತಿಯಲ್ಲಿದ್ದಾಗ ನಾನು ಕರಿಹಲಗೆಯ ಮೇಲೆ ತೊಟ್ಟಿಗೆ ನೀರು ತುಂಬುವ ಒಂದು ಲೆಕ್ಕ ಮಾಡಿದ್ದೆ. ಇವನು ಎದ್ದು ನಿಂತು ಉತ್ತರ ತಪ್ಪು ಎಂದಿದ್ದ. ನಾನು ಇವನನ್ನು ಬಾಗಿಲ ಆಚೆ ನಿಲ್ಲಿಸಿದೆ. ಸಂಜೆ ಅಧ್ಯಾಪಕರ ಕೋಣೆಯಲ್ಲಿ ಕುಳಿತು ಮತ್ತೆ ಮಾಡಿ ನೋಡಿದಾಗ ಇವನು ಹೇಳಿದ್ದೇ ಸರಿಯಾಗಿತ್ತು. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹಲಗೆ ಒರೆಸಿ ಹೊಸ ಪಾಠ ತೆಗೆದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಅಂಗಡಿಯ ಮುಂದೆ ನಿಂತು ಅವನಿಗೆ ಹೇಳಿದೆ. "ಆ ದಿನ ನಿನ್ನದೇ ಸರಿಯಿತ್ತು. ನಿನ್ನನ್ನು ಆಚೆ ನಿಲ್ಲಿಸಬಾರದಿತ್ತು," ಎಂದೆ.

ಅವನು ಯೋಚಿಸಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೆಣಗಿದ.

"ಯಾವತ್ತು ಸಾ? ನಾನು ದಿನಾ ಆಚೇಲೇ ತಾನೇ ನಿಂತಿರ್ತಿದ್ದುದು." ಅಣಕವಿರಲಿಲ್ಲ ಆ ಮಾತಿನಲ್ಲಿ. "ಒಂದೊಂದ್ ದಿನಾನೂ ಎಲ್ ಗ್ಯಾಪ್ಕ ಇರುತ್ತೆ? ಬುಡಿ ಸಾ."

ಕ್ಷಮೆಯಾದರೂ ಬೈಗುಳವಾದರೂ ಸಿಗಬಹುದೆಂದುಕೊಂಡಿದ್ದೆ. ಅವನ ಬಳಿ ಎರಡೂ ಇರಲಿಲ್ಲ. ಕಡೆಗೆ, "ಹದಿನೈದರ ಆ ಸೆಟ್ಟು ಇದೆಯೇ?" ಎಂದೆ.

"ಅದೆ ಸಾ. ನಿಮ್ಗೇ ಅಂತ ಮಡ್ಗಿದ್ದೆ ಸಾ. ಆಗ್ಲಿಂದ್ಲೂ ಯಾರ್ಗೂ ಕೊಡ್ನಿಲ್ಲ."

ಅವನು ಒಳಗಿನಿಂದ ಅವನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದ. ಕಪ್ಪು ಬಣ್ಣದ ಕಬ್ಬಿಣದ ಚಕ್ರಗಳು, ಮೇಲೆ ದಪ್ಪನೆಯ ಟೈರುಗಳು. ಗಾಳಿ ಹಿಡಿಯುವಾಗ ನನ್ನ ಮುಖ ನೋಡಿದ. "ನಿನಗೆ ಸರಿ ಕಂಡಷ್ಟು ಹಿಡಿ," ಎಂದೆ. ಮೂವತ್ತೆರಡು ಹಿಡಿದ. ಐದು ಕಡ್ಡಿಯ ಮೂರು ಚಕ್ರಗಳನ್ನೂ ಅಂಚು ಸೊಟ್ಟಗಾದ ನಾಲ್ಕನೆಯದನ್ನೂ ಅಲ್ಲೇ ಬಿಟ್ಟು ಬಂದೆ.

ಅವಳಿಗೆ ಅದನ್ನು ಹೇಳಬಾರದೆಂದಿದ್ದೆ. ಆದರೆ ಅವಳ ಮಂಚ ಕಿಟಕಿಯ ಪಕ್ಕದಲ್ಲಿದೆ, ಕಾರು ಬಂದು ನಿಲ್ಲುವುದು ಅಲ್ಲಿಂದ ಕಾಣುತ್ತದೆ.

"ಚಕ್ರ ಬದ್ಲಾಯ್ಸುದ್ರಾ?"

"ಹೂಂ."

"ಈಗ್ ಮೆತ್ತಗದ್ದಾ?"

"ಮೆತ್ತಗಿದೆ."

ಅವಳು ಕಾರನ್ನೇ ನೋಡಿದಳು. "ನೋಡಕ್ ಚೆನ್ನಾಗಿಲ್ಲ ಕಣ್ರೀ," ಎಂದಳು. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಬೆನ್ನು ಹೊರಳುವುದಿಲ್ಲ, ಕತ್ತು ಮಾತ್ರ ತಿರುಗುತ್ತದೆ.

ಈಗಲೂ ಮಂಗಳವಾರ, ಶುಕ್ರವಾರ ನಾವು ನಂಜನಗೂಡಿಗೆ ಹೋಗುತ್ತೇವೆ. ಅವಳು ಬಾಡಿಗೆಯ ಆಂಬುಲೆನ್ಸಿನಲ್ಲಿ, ಸ್ಟ್ರೆಚರಿನ ಮೇಲೆ. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಅವಳನ್ನು ಸರಿಸಿ ಮಲಗಿಸುವುದು ಬಲ್ಲ ಅವಳ ಅಕ್ಕ ಹತ್ತಿ ಕೂರುತ್ತಾರೆ. ನಾನು ಹಿಂದೆ ಕಾರಿನಲ್ಲಿ ಒಬ್ಬನೇ. ಆಂಬುಲೆನ್ಸಿನದು ಸರಕು ಗಾಡಿಯ ಮೈ. ಅದರ ಟೈರು ಗಟ್ಟಿ, ಸ್ಪ್ರಿಂಗು ಇನ್ನೂ ಗಟ್ಟಿ. ಆ ರಸ್ತೆಯ ಪ್ರತಿ ಗುಂಡಿಯೂ ನನಗೆ ಗೊತ್ತು. ಗುಂಡಿ ಬರುವ ಮೊದಲೇ ನನ್ನ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಾಗುತ್ತದೆ. ಮುಂದೆ ಆಂಬುಲೆನ್ಸಿನ ಹಿಂದಿನ ಚಕ್ರಗಳು ನೆಗೆಯುತ್ತವೆ, ಎರಡು ಬಾಗಿಲುಗಳೂ ಅದುರುತ್ತವೆ, ಗಾಜಿನ ಹಿಂದೆ ಅವಳ ಅಕ್ಕನ ತಲೆ ಬಾಗಿ ಅವಳನ್ನು ಒತ್ತಿ ಹಿಡಿಯುವುದು ಕಾಣುತ್ತದೆ. ಮರುಕ್ಷಣ ಅದೇ ಗುಂಡಿಗೆ ನನ್ನ ಚಕ್ರ ಇಳಿಯುತ್ತದೆ. ಖಾಲಿ ಸೀಟಿನ ಮೇಲೆ ಅವಳು ಒರಗಿಕೊಳ್ಳುತ್ತಿದ್ದ ದಿಂಬು ಇನ್ನೂ ಇದೆ. ಅದು ಅಲುಗುವುದಿಲ್ಲ.